ಒಂದು ಕಿವಿಗೆ ಕಾಲು ಸೆಂಟ್

ಸೋಮಾ ಎಫ್‌ಎಂ ಎಂಬ ಹೆಸರಿನಲ್ಲಿ ಎಫ್‌ಎಂ ಇದೆ, ಆದರೆ ಆ ಬಾನುಲಿಗೆ ಗೋಪುರವೂ ಇಲ್ಲ, ತರಂಗಾಂತರವೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರಸ್ಟಿ ಹಾಜ್ ಎಂಬವರು 2000ದಲ್ಲಿ ಶುರುಮಾಡಿದ ಅಂತರ್ಜಾಲ ರೇಡಿಯೊ ಅದು. ಜಾಹೀರಾತು ತೆಗೆದುಕೊಳ್ಳುವುದಿಲ್ಲ, ಕೇಳುಗರು ಕೊಡುವ ದೇಣಿಗೆಯಲ್ಲೇ ಬದುಕುತ್ತದೆ. ದೊಡ್ಡ ಕೇಂದ್ರಗಳು ಮುಟ್ಟದ ಸಂಗೀತವೇ ಅದರ ಬಂಡವಾಳ. 2002ರ ಜೂನ್‌ನಲ್ಲಿ ಅದು ಹಾಡು ನಿಲ್ಲಿಸಿತು. ಯಂತ್ರ ಕೆಟ್ಟಿರಲಿಲ್ಲ, ಕೇಳುಗರು ಕೈಬಿಟ್ಟಿರಲಿಲ್ಲ. ವಾಷಿಂಗ್ಟನ್‌ನಲ್ಲಿ ಅಂತರ್ಜಾಲ ರೇಡಿಯೊಗಳಿಗೆ ಹೊಸ ರಾಯಲ್ಟಿ ದರ ನಿಗದಿಯಾಗಿತ್ತು. ಆ ದರದಲ್ಲಿ ಹಣ ಕಟ್ಟಿ ನಡೆಸುವ ದಾರಿ ಸೋಮಾಗೆ ಕಾಣಲಿಲ್ಲ. ಅದು ಮತ್ತೆ ಹಾಡಿದ್ದು ಆ ವರ್ಷದ ಕೊನೆಯ ಹೊತ್ತಿಗೆ, ಅಮೆರಿಕದ ಸಂಸತ್ತು ನಡುವೆ ಬಂದು ಸಣ್ಣವರಿಗಾಗಿ ಬೇರೆ ಕಾಯಿದೆಯನ್ನೇ ಮಾಡಿದ ಮೇಲೆ.

ಅಂಥ ದರ ಎಷ್ಟಿರಬಹುದು? ಬಾಯಲ್ಲಿ ಹೇಳಿದರೆ ಬಹಳ ಸಣ್ಣದು. ಜಾಹೀರಾತು ಹಾಕಿ ಉಚಿತವಾಗಿ ಕೇಳಿಸುವ ವಾಣಿಜ್ಯ ಅಂತರ್ಜಾಲ ರೇಡಿಯೊಗೆ 2025ರಲ್ಲಿದ್ದ ದರ 0.0025 ಡಾಲರ್, ಅಂದರೆ ಕಾಲು ಸೆಂಟ್. ಇಡೀ ಲೆಕ್ಕ ಒಂದೇ ಪದದ ಮೇಲೆ ನಿಂತಿದೆ, ‘ಪ್ರದರ್ಶನ’. ಒಂದು ಹಾಡು ಒಬ್ಬ ಕೇಳುಗನಿಗೆ ಒಮ್ಮೆ ತಲುಪಿದರೆ ಒಂದು ಪ್ರದರ್ಶನ. ಅದೇ ಹಾಡನ್ನು ಅದೇ ಹೊತ್ತಿಗೆ ನೂರು ಮಂದಿ ಕೇಳುತ್ತಿದ್ದರೆ ನೂರು ಪ್ರದರ್ಶನ.

ಗಂಟೆಗೆ ಹದಿನೈದು ಹಾಡು, ಯಾವ ಹೊತ್ತಿನಲ್ಲೂ ಸರಾಸರಿ ನೂರು ಮಂದಿ ಕೇಳುಗರು ಎಂದು ಹಿಡಿಯೋಣ. ಗಂಟೆಗೆ 1,500, ದಿನಕ್ಕೆ 36,000 ಪ್ರದರ್ಶನ. ತಲಾ ಕಾಲು ಸೆಂಟ್‌ನಂತೆ ದಿನಕ್ಕೆ 90 ಡಾಲರ್, ವರ್ಷಕ್ಕೆ 32,850 ಡಾಲರ್. ನೂರು ಮಂದಿ ಎಂದರೆ ಒಂದು ಸಣ್ಣ ಮದುವೆ ಛತ್ರವೂ ತುಂಬುವುದಿಲ್ಲ. ಕೇಳುಗರು ಸಾವಿರವಾದರೆ ವರ್ಷದ ಬಿಲ್ಲು 3,28,500 ಡಾಲರ್. ಅದೂ ಧ್ವನಿಮುದ್ರಣದ ಪಾಲು ಮಾತ್ರ. ಹಾಡು ಬರೆದವರ, ರಾಗ ಹಾಕಿದವರ ಪಾಲು ಬೇರೆ. ಸರ್ವರ್ ಬಾಡಿಗೆ, ವಿದ್ಯುತ್ತು, ಮನೆಖರ್ಚು ಆಮೇಲೆ.

ಜಾಹೀರಾತಿನಿಂದ ಸರಿದೂಗಿಸಬಹುದೇ? ಒಬ್ಬ ಕೇಳುಗ ಒಂದು ಗಂಟೆ ಕೂತರೆ ರಾಯಲ್ಟಿಗೆ 3.75 ಸೆಂಟ್ ಬೇಕು. ಒಂದು ಜಾಹೀರಾತನ್ನು ಸಾವಿರ ಮಂದಿ ಕೇಳಿದರೆ ಐದು ಡಾಲರ್ ಸಿಗುತ್ತದೆಂದು ಇಟ್ಟುಕೊಂಡರೂ, ಒಂದು ಕಿವಿಗೆ ಬರುವುದು ಅರ್ಧ ಸೆಂಟ್. ರಾಯಲ್ಟಿಯೊಂದನ್ನು ತೀರಿಸಲಿಕ್ಕೇ ಗಂಟೆಗೆ ಏಳೆಂಟು ಜಾಹೀರಾತು ಬೇಕು, ಅದೂ ಒಂದೂ ಖಾಲಿ ಹೋಗದಂತೆ. ಹಳೆಯ ಜಾಜ್ ಅಥವಾ ಐರಿಷ್ ಜಾನಪದವನ್ನು ಮನೆಯ ಕೋಣೆಯಿಂದ ಪ್ರಸಾರ ಮಾಡುವವರ ಬಳಿಗೆ ಅಷ್ಟು ಜಾಹೀರಾತುದಾರರು ಬರುವುದಿಲ್ಲ.

ಎಫ್‌ಎಂ ಗೋಪುರದ ಲೆಕ್ಕವೇ ಬೇರೆ. ಹತ್ತು ಮಂದಿ ಕೇಳಲಿ, ಹತ್ತು ಲಕ್ಷ ಮಂದಿ ಕೇಳಲಿ, ಟ್ರಾನ್ಸ್‌ಮಿಟರ್‌ನ ಕರೆಂಟ್ ಬಿಲ್ಲು ಅಷ್ಟೇ. ಕೇಳುಗರು ಹೆಚ್ಚಿದಂತೆಲ್ಲ ಆ ಕೇಂದ್ರಕ್ಕೆ ಲಾಭ. ಅಂತರ್ಜಾಲದ ಸಣ್ಣ ಕೇಂದ್ರಕ್ಕೆ ಹೊಸ ಕೇಳುಗ ಬಂದನೆಂದರೆ ಹೊಸ ಸಾಲ ಬಂದಂತೆ. ಜನ ಮೆಚ್ಚಿದಷ್ಟೂ ಬಡವಾಗುವ ಈ ಏರ್ಪಾಡು ಹೇಗೆ ಬಂತು ಎಂಬುದಕ್ಕೆ ಒಂದು ಚರಿತ್ರೆಯಿದೆ.

ಒಂದು ಹಾಡಿನಲ್ಲಿ ಎರಡು ಹಕ್ಕುಗಳಿವೆ. ಸಾಹಿತ್ಯ ಮತ್ತು ಸ್ವರ ಸಂಯೋಜನೆಯದು ಒಂದು, ಅದನ್ನು ಹಾಡಿ ನುಡಿಸಿ ಮುದ್ರಿಸಿಕೊಂಡ ಧ್ವನಿಯದು ಇನ್ನೊಂದು. ಅಮೆರಿಕದ ಎಎಂ, ಎಫ್‌ಎಂ ಕೇಂದ್ರಗಳು ಮೊದಲಿನಿಂದಲೂ ಒಂದನೆಯದಕ್ಕಷ್ಟೇ ಹಣ ಕೊಡುತ್ತ ಬಂದಿವೆ. ಆಸ್ಕ್ಯಾಪ್, ಬಿಎಂಐ, ಸೆಸ್ಯಾಕ್ ಎಂಬ ಸಂಸ್ಥೆಗಳು ಅದನ್ನು ಸಂಗ್ರಹಿಸಿ ಬರೆದವರಿಗೆ, ಪ್ರಕಾಶಕರಿಗೆ ಹಂಚುತ್ತವೆ. ಹಾಡಿದವರಿಗೆ ಏನೂ ಇಲ್ಲ. ‘ರೆಸ್ಪೆಕ್ಟ್’ ಹಾಡನ್ನು ಬರೆದದ್ದು ಓಟಿಸ್ ರೆಡಿಂಗ್, 1967ರಲ್ಲಿ ಅದನ್ನು ಹಾಡಿ ಜಗತ್ತಿಗೆಲ್ಲ ಮುಟ್ಟಿಸಿದ್ದು ಅರೀಥಾ ಫ್ರ್ಯಾಂಕ್ಲಿನ್. ಅಮೆರಿಕದ ಎಫ್‌ಎಂ ಕೇಂದ್ರಗಳು ಎಷ್ಟು ಸಲ ಅದನ್ನು ಹಾಕಿದರೂ ಕಾಯಿದೆಯಂತೆ ಹಣ ಹೋಗುವುದು ಬರೆದವರ ಕಡೆಗೆ ಮಾತ್ರ. ರೇಡಿಯೊದಲ್ಲಿ ಹಾಡು ಬಂದರೆ ರೆಕಾರ್ಡು ಮಾರಾಟವಾಗುತ್ತದೆ, ಅದೇ ಗಾಯಕರಿಗೆ ಲಾಭ ಎಂಬುದು ಪ್ರಸಾರಕರು ದಶಕಗಳಿಂದ ಹೇಳುತ್ತ ಬಂದಿರುವ ವಾದ. ಅಮೆರಿಕದ ಕಾಯಿದೆ ಅದನ್ನು ಇಂದಿಗೂ ಒಪ್ಪಿಕೊಂಡಿದೆ.

ಅಂತರ್ಜಾಲ ಬಂದಾಗ ಸಂಗೀತ ಕಂಪನಿಗಳು ಎಚ್ಚರಗೊಂಡವು. 1995ರ ಕಾಯಿದೆಯೊಂದು ಡಿಜಿಟಲ್ ಪ್ರಸಾರದಲ್ಲಿ ಧ್ವನಿಮುದ್ರಣಕ್ಕೂ ಹಕ್ಕು ಕೊಟ್ಟಿತು. 1998ರ ಡಿಜಿಟಲ್ ಹಕ್ಕುಸ್ವಾಮ್ಯ ಕಾಯಿದೆ ಅಂತರ್ಜಾಲ ರೇಡಿಯೊವನ್ನು ಅದರೊಳಕ್ಕೆ ತಂದು, ಜೊತೆಗೆ ಒಂದು ಅನುಕೂಲವನ್ನೂ ಮಾಡಿತು. ಪ್ರಸಾರಕರು ಪ್ರತಿ ಕಂಪನಿಯ ಬಾಗಿಲು ತಟ್ಟಬೇಕಾಗಿಲ್ಲ. ಕಾಯಿದೆಯ ಷರತ್ತುಗಳಿಗೆ ಒಪ್ಪಿ, ಸರ್ಕಾರ ಗೊತ್ತುಮಾಡಿದ ದರ ಕಟ್ಟಿದರೆ ಯಾರ ಹಾಡನ್ನಾದರೂ ಹಾಕಬಹುದು. ಹಣ ಸೌಂಡ್‌ಎಕ್ಸ್‌ಚೇಂಜ್ ಎಂಬ ಒಂದೇ ಸಂಸ್ಥೆಗೆ ಹೋಗುತ್ತದೆ. ಸಣ್ಣವರಿಗೆ ಇದು ನಿಜವಾಗಿಯೂ ದೊಡ್ಡ ಉಪಕಾರ. ತಕರಾರು ಹುಟ್ಟಿದ್ದು ದರ ಗೊತ್ತುಮಾಡಿದ ರೀತಿಯಲ್ಲಿ.

ಆ ಕೆಲಸ ಮೊದಲು ಬಿದ್ದದ್ದು ಮೂವರು ಮಧ್ಯಸ್ಥಗಾರರ ಸಮಿತಿಯೊಂದರ ಮೇಲೆ. ವಿಚಾರಣೆಯ ಖರ್ಚನ್ನು, ಮಧ್ಯಸ್ಥಗಾರರ ಶುಲ್ಕವನ್ನೂ ಸೇರಿಸಿ, ಭಾಗವಹಿಸಿದವರೇ ಹಂಚಿಕೊಂಡು ಭರಿಸಬೇಕಿತ್ತು. ಮನೆಯಿಂದ ರೇಡಿಯೊ ನಡೆಸುವವರು ಅಲ್ಲಿ ಕೂರುವ ಮಾತೇ ಇರಲಿಲ್ಲ. ಮುಕ್ತ ಮಾರುಕಟ್ಟೆಯಲ್ಲಿ ಇಷ್ಟಪಟ್ಟು ಕೊಳ್ಳುವವರೂ ಇಷ್ಟಪಟ್ಟು ಮಾರುವವರೂ ಯಾವ ಬೆಲೆಗೆ ಒಪ್ಪುತ್ತಿದ್ದರೋ ಅದೇ ದರ ಎಂಬುದು ಕಾಯಿದೆಯ ಸೂತ್ರ. ಸಮಿತಿ ಮಾದರಿಯಾಗಿ ಹಿಡಿದದ್ದು ಯಾಹೂ ಮತ್ತು ರೆಕಾರ್ಡಿಂಗ್ ಕಂಪನಿಗಳ ಸಂಘದ ನಡುವಿನ ಒಪ್ಪಂದವನ್ನು. 2002ರ ಫೆಬ್ರುವರಿಯಲ್ಲಿ ಅದು ಅಂತರ್ಜಾಲಕ್ಕೇ ಮೀಸಲಾದ ಕೇಂದ್ರಗಳಿಗೆ ಪ್ರತಿ ಪ್ರದರ್ಶನಕ್ಕೆ 0.14 ಸೆಂಟ್, ಎಫ್‌ಎಂ ಕೇಂದ್ರಗಳ ಅಂತರ್ಜಾಲ ಪ್ರಸಾರಕ್ಕೆ ಅದರ ಅರ್ಧ ಎಂದು ಶಿಫಾರಸು ಮಾಡಿತು. ಮೇ 1ರಂದು ನೂರಾರು ಕೇಂದ್ರಗಳು ಪ್ರಸಾರ ನಿಲ್ಲಿಸಿ ಮೌನ ದಿನ ಆಚರಿಸಿದವು. ಆ ಶಿಫಾರಸಿನ ಮೇಲೆ ತೀರ್ಮಾನ ಹೇಳಬೇಕಿದ್ದ ಕಾಂಗ್ರೆಸ್ ಗ್ರಂಥಾಲಯದ ಮುಖ್ಯಸ್ಥ ಜೇಮ್ಸ್ ಬಿಲಿಂಗ್ಟನ್ ಜೂನ್ 20ರಂದು ಎಲ್ಲರಿಗೂ 0.07 ಸೆಂಟ್ ಎಂದು ಇಳಿಸಿದರು. ಆದರೆ ಅದು 1998ರ ಅಕ್ಟೋಬರ್‌ನಿಂದಲೇ ಪೂರ್ವಾನ್ವಯ. ಸಣ್ಣ ಕೇಂದ್ರಗಳ ತಲೆಯ ಮೇಲೆ ಒಂದೇ ಏಟಿಗೆ ಹಳೆಯ ಬಾಕಿಯೂ ಬಿತ್ತು.

ಆ ಯಾಹೂ ಒಪ್ಪಂದದ ಹಿನ್ನೆಲೆ ಹೊರಬಿದ್ದದ್ದು ಅದೇ ಬೇಸಗೆಯಲ್ಲಿ. ಯಾಹೂ 1999ರಲ್ಲಿ ಕೊಂಡುಕೊಂಡ ಬ್ರಾಡ್‌ಕಾಸ್ಟ್ ಡಾಟ್ ಕಾಮ್‌ನ ಸ್ಥಾಪಕರಲ್ಲಿ ಒಬ್ಬರಾದ ಮಾರ್ಕ್ ಕ್ಯೂಬನ್, ತಾವು ಆ ಮಾತುಕತೆಯಲ್ಲಿ ಕೆಲಸ ಮಾಡುತ್ತಿದ್ದಾಗ ಆದಾಯದ ಶೇಕಡಾವಾರು ಲೆಕ್ಕವನ್ನು ಬೇಕೆಂದೇ ದೂರವಿಟ್ಟಿದ್ದಾಗಿ ಬಹಿರಂಗವಾಗಿ ತಿಳಿಸಿದರು. ಶೇಕಡಾವಾರು ಲೆಕ್ಕವಿದ್ದರೆ ಸಣ್ಣವರು ಬದುಕಿಕೊಂಡು ಪೈಪೋಟಿಗೆ ನಿಲ್ಲುತ್ತಾರೆ, ಅದು ಬೇಡ ಎಂಬುದು ಅಂದಿನ ವ್ಯವಹಾರದ ಜಾಣ್ಮೆ. ಒಂದು ದೊಡ್ಡ ಕಂಪನಿ ತನ್ನ ಎದುರಾಳಿಗಳನ್ನು ಹೊರಗಿಡಲು ಮಾಡಿಕೊಂಡ ಅಳತೆಗೋಲನ್ನು ಇಡೀ ದೇಶದ ಸಣ್ಣ ಪ್ರಸಾರಕರ ಮೇಲೆ ಇಟ್ಟು ನೋಡಿದ್ದು ಅನ್ಯಾಯ. ಇದನ್ನು ಮೆದುವಾಗಿ ಹೇಳಲು ಕಾರಣವಿಲ್ಲ.

ಕ್ಯಾಲಿಫೋರ್ನಿಯದ ಕೆಪಿಗ್ ಕೇಂದ್ರ 1995ರಲ್ಲೇ ಅಂತರ್ಜಾಲಕ್ಕೆ ಬಂದಿತ್ತು, ಹಾಗೆ ಬಂದ ವಾಣಿಜ್ಯ ಕೇಂದ್ರಗಳಲ್ಲಿ ಅದು ಮೊದಲ ಸಾಲಿನದು. 2002ರ ಜುಲೈನಲ್ಲಿ ಅದೂ ಅಂತರ್ಜಾಲ ಪ್ರಸಾರ ನಿಲ್ಲಿಸಿತು. ಕೂಗು ಜೋರಾದಾಗ ಸಂಸತ್ತು ಸಣ್ಣ ವೆಬ್‌ ಪ್ರಸಾರಕರ ಇತ್ಯರ್ಥ ಕಾಯಿದೆ ತಂದಿತು. ಅಧ್ಯಕ್ಷ ಬುಷ್ ಡಿಸೆಂಬರ್ 4ರಂದು ಸಹಿ ಹಾಕಿದರು. ಅದರಡಿ ಆದ ಒಪ್ಪಂದದಂತೆ 2003 ಮತ್ತು 2004ಕ್ಕೆ ಸಣ್ಣ ಕೇಂದ್ರಗಳು ಆದಾಯದ ಮೊದಲ ಎರಡೂವರೆ ಲಕ್ಷ ಡಾಲರಿಗೆ ಶೇ 10, ಮೇಲಿನದಕ್ಕೆ ಶೇ 12, ಇಲ್ಲವೇ ಖರ್ಚಿನ ಶೇ 7, ಇವುಗಳಲ್ಲಿ ಯಾವುದು ಹೆಚ್ಚೋ ಅದನ್ನು ಕಟ್ಟಬೇಕು. ಕನಿಷ್ಠ ಮೊತ್ತವೊಂದು ಇದ್ದೇ ಇತ್ತು. ದುಡಿದಷ್ಟರಲ್ಲಿ ಪಾಲು. ಸೋಮಾ ಮರಳಿದ್ದು ಈ ನೆರಳಿನಲ್ಲಿ.

ನೆರಳು ಬಹಳ ಕಾಲ ನಿಲ್ಲಲಿಲ್ಲ. ಮಧ್ಯಸ್ಥಗಾರರ ಸಮಿತಿಯ ಜಾಗಕ್ಕೆ ಮೂವರು ಸಂಬಳದ ನ್ಯಾಯಾಧೀಶರ ಹಕ್ಕುಸ್ವಾಮ್ಯ ರಾಯಲ್ಟಿ ಮಂಡಳಿ ಬಂತು. ವಿಚಾರಣೆಗೆ ಸೇರುವ ಅರ್ಜಿಯ ಶುಲ್ಕ 150 ಡಾಲರಿಗೆ ಇಳಿಯಿತು, ಆದರೆ ವಕೀಲರು, ಅರ್ಥಶಾಸ್ತ್ರಜ್ಞರು ಶುಲ್ಕ ಇಳಿಸುವುದಿಲ್ಲವಲ್ಲ. 2007ರ ಮಾರ್ಚ್‌ನಲ್ಲಿ ಮಂಡಳಿ ಹೊಸ ದರ ಪ್ರಕಟಿಸಿತು. 2006ಕ್ಕೆ 0.08 ಸೆಂಟ್, ಏರುತ್ತ ಏರುತ್ತ 2010ಕ್ಕೆ 0.19 ಸೆಂಟ್. ಜೊತೆಗೆ ಪ್ರತಿ ಚಾನೆಲ್‌ಗೆ ವರ್ಷಕ್ಕೆ ಕನಿಷ್ಠ 500 ಡಾಲರ್. ಸಣ್ಣವರಿಗೆ ಶೇಕಡಾವಾರು ದಾರಿ ಇಲ್ಲವೇ ಇಲ್ಲ.

ಕ್ಯಾಲಿಫೋರ್ನಿಯದ ಪ್ಯಾರಡೈಸ್ ಎಂಬ ಸಣ್ಣ ಊರಿನಲ್ಲಿ ಬಿಲ್ ಮತ್ತು ರೆಬೆಕಾ ಗೋಲ್ಡ್‌ಸ್ಮಿತ್ ದಂಪತಿ 2000ದಿಂದ ರೇಡಿಯೊ ಪ್ಯಾರಡೈಸ್ ನಡೆಸುತ್ತಿದ್ದರು. ಬಿಲ್ ಹಿಂದೆ ಕೆಪಿಗ್‌ನಲ್ಲಿದ್ದವರು. ಗಂಡ ಹೆಂಡತಿ ಇಬ್ಬರೇ ಕೂತು ಹಾಡು ಆರಿಸಿ, ಹೊಂದಿಸಿ, ಜಾಹೀರಾತಿಲ್ಲದೆ ಕೇಳಿಸುವ ಕೇಂದ್ರ. ಮೈಸೂರಿನವರಿಗೆ ಈ ಚಿತ್ರ ಹೊಸದೆನಿಸದು. ಪ್ರೊ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ‘ವಿಠಲ ವಿಹಾರ’ದಿಂದಲೇ ಆಕಾಶವಾಣಿ ಹೊರಡಿಸಿದ್ದರು. ಹೊಸ ದರದಲ್ಲಿ ತಮ್ಮ ಕೇಂದ್ರ ಕಟ್ಟಬೇಕಾದ ಮೊತ್ತ ಒಟ್ಟು ಆದಾಯದ ಶೇ 125ನ್ನು ದಾಟುತ್ತದೆ ಎಂದು ಬಿಲ್ ಗೋಲ್ಡ್‌ಸ್ಮಿತ್ ಲೆಕ್ಕ ಕೊಟ್ಟರು. ಬಂದದ್ದನ್ನೆಲ್ಲ ಕೊಟ್ಟು ಕೈಯಿಂದ ಇನ್ನೂ ಕಾಲುಭಾಗ ಸೇರಿಸಬೇಕು. 2007ರ ಜೂನ್ 26ರಂದು ಇನ್ನೊಂದು ಮೌನ ದಿನ ನಡೆಯಿತು. ಸಂಸತ್ತಿನಲ್ಲಿ ಮಸೂದೆಗಳು ಬಂದವು. ಅದೇ ವರ್ಷದ ಮೇ ತಿಂಗಳಲ್ಲಿ ಅಂತರ್ಜಾಲ ರೇಡಿಯೊ ನಡೆಸುವ ಪಂಡೋರಾ ಕಂಪನಿ ಪರವಾನಗಿಯ ತೊಡಕಿನಿಂದ ಅಮೆರಿಕದ ಹೊರಗಿನ ಬಹುತೇಕ ದೇಶಗಳಿಗೆ ಪ್ರಸಾರ ನಿಲ್ಲಿಸಿದಾಗ ಬೆಂಗಳೂರಿನ ಕೇಳುಗರಿಗೂ ಆ ಬಾಗಿಲು ಮುಚ್ಚಿತು.

2009ರ ಜುಲೈನಲ್ಲಿ ಸೌಂಡ್‌ಎಕ್ಸ್‌ಚೇಂಜ್ ಜೊತೆ ಒಂದು ರಾಜಿಯಾಯಿತು. ವರ್ಷಕ್ಕೆ 12.5 ಲಕ್ಷ ಡಾಲರಿನೊಳಗೆ ಆದಾಯವಿರುವ ಕೇಂದ್ರಗಳಿಗೆ ಮತ್ತೆ ಶೇಕಡಾವಾರು ಲೆಕ್ಕ, ಶೇ 12 ಮತ್ತು ಶೇ 14. ಅದರ ಆಯುಸ್ಸು 2015ರ ಕೊನೆಯವರೆಗೆ.

ಆ ಗಡುವು ಮುಗಿಯುವ ಹೊತ್ತಿಗೆ ಮಂಡಳಿ ಮುಂದಿನ ಐದು ವರ್ಷದ ದರ ಪ್ರಕಟಿಸಿತು. 2016ಕ್ಕೆ ಪ್ರತಿ ಪ್ರದರ್ಶನಕ್ಕೆ 0.17 ಸೆಂಟ್. ದೊಡ್ಡ ಕಂಪನಿಗಳು ಹೆಚ್ಚು ಬಂತೋ ಕಡಿಮೆ ಬಂತೋ ಎಂದು ಕೂಡಿ ಕಳೆದು ನೋಡುತ್ತಿದ್ದಾಗ, ಸಣ್ಣವರಿಗೆ ಕಂಡದ್ದು ಆ ಪುಟಗಳಲ್ಲಿ ಇಲ್ಲದಿದ್ದ ಸಾಲು. ಶೇಕಡಾವಾರು ಆಯ್ಕೆ ಮಾಯವಾಗಿತ್ತು. ಲೈವ್365 ಎಂಬ ವೇದಿಕೆ 1999ರಿಂದ ನಡೆಯುತ್ತಿತ್ತು. ತಿಂಗಳಿಗೆ ಒಂದಿಷ್ಟು ಶುಲ್ಕ ಕೊಟ್ಟರೆ ಯಾರು ಬೇಕಾದರೂ ಅಲ್ಲಿ ಸ್ವಂತ ಕೇಂದ್ರ ತೆರೆಯಬಹುದಿತ್ತು, ರಾಯಲ್ಟಿಯ ಲೆಕ್ಕಪತ್ರವನ್ನು ವೇದಿಕೆಯೇ ನೋಡಿಕೊಳ್ಳುತ್ತಿತ್ತು. ನಿವೃತ್ತ ಶಿಕ್ಷಕರು, ಚರ್ಚಿನ ಹಾಡುಗಾರರು, ಒಂದೇ ಒಂದು ಬಗೆಯ ಸಂಗೀತಕ್ಕೆ ಜೀವ ತೇಯುವ ಹುಚ್ಚರು, ಇಂಥ ಸಾವಿರಾರು ಮಂದಿಗೆ ಅದು ಆಸರೆ. ಹೂಡಿಕೆದಾರರು ಹಿಂದೆ ಸರಿದರು, ಸಣ್ಣವರ ದರವೂ ಹೋಯಿತು. 2016ರ ಜನವರಿ 31ರಂದು ಲೈವ್365 ಮುಚ್ಚಿತು. ಮರುವರ್ಷ ಹೊಸ ಒಡೆತನದಲ್ಲಿ ಅದೇ ಹೆಸರು ಮತ್ತೆ ತೆರೆದರೂ ಚದುರಿದವರೆಲ್ಲ ಮರಳಲಿಲ್ಲ. 2021ರಲ್ಲಿ ದರ 0.21 ಸೆಂಟ್ ಆಯಿತು, ಪ್ರತಿ ಚಾನೆಲ್‌ನ ಕನಿಷ್ಠ ಶುಲ್ಕ 500ರಿಂದ ಸಾವಿರ ಡಾಲರಿಗೆ ಏರಿತು. ಬೆಲೆಯೇರಿಕೆಯ ಸೂಚ್ಯಂಕದ ಬೆನ್ನು ಹಿಡಿದು ಪ್ರದರ್ಶನದ ದರ ಕಾಲು ಸೆಂಟ್ ಮುಟ್ಟಿತು. ಮೊದಲು ಲೆಕ್ಕ ಹಾಕಿದ ಆ ನೂರು ಕೇಳುಗರಿಗೆ 2002ರಲ್ಲಿ ದಿನಕ್ಕೆ ತಗಲುತ್ತಿದ್ದದ್ದು 25 ಡಾಲರ್ 20 ಸೆಂಟ್.

ಇಷ್ಟೆಲ್ಲ ಹೇಳಿದ ಮೇಲೆ ಕಲಾವಿದರ ಕಡೆಯ ಮಾತನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಸೌಂಡ್‌ಎಕ್ಸ್‌ಚೇಂಜ್‌ಗೆ ಬಂದ ಹಣದಲ್ಲಿ ಅರ್ಧ ಧ್ವನಿಮುದ್ರಣದ ಒಡೆಯರಿಗೆ, ಶೇ 45 ಮುಖ್ಯ ಕಲಾವಿದರಿಗೆ, ಉಳಿದ ಶೇ 5 ಹಿನ್ನೆಲೆಯ ವಾದಕರು ಮತ್ತು ಸಹಗಾಯಕರ ನಿಧಿಗೆ. ಕಲಾವಿದರ ಪಾಲು ಕಂಪನಿಯ ಕೈ ದಾಟಿ ಬರಬೇಕಾಗಿಲ್ಲ, ನೇರ ಅವರ ಖಾತೆಗೆ ಹೋಗುತ್ತದೆ. ಮುಂಗಡದ ಸಾಲ, ಸ್ಟುಡಿಯೊ ಖರ್ಚು ಎಂದು ಕಂಪನಿ ಅದರಲ್ಲಿ ಮುರಿದುಕೊಳ್ಳುವಂತಿಲ್ಲ. ಸಂಗೀತದ ವ್ಯವಹಾರದಲ್ಲಿ ಇಂಥ ನೇರ ಪಾವತಿ ಅಪರೂಪ. 2018ರ ಕಾಯಿದೆ 1972ಕ್ಕಿಂತ ಹಿಂದಿನ ಧ್ವನಿಮುದ್ರಣಗಳನ್ನೂ ಇದರೊಳಕ್ಕೆ ತಂದದ್ದರಿಂದ ಅರೀಥಾ ಅವರ ‘ರೆಸ್ಪೆಕ್ಟ್’ಗೂ ಅಂತರ್ಜಾಲ ರೇಡಿಯೊದಿಂದ ಪಾಲು ಸಲ್ಲುತ್ತದೆ. ಎಫ್‌ಎಂ ಕೊಡದ ಮರ್ಯಾದೆಯನ್ನು ಅಂತರ್ಜಾಲ ಕೊಡುತ್ತಿದೆ. ಹಾಡಿದವರಿಗೆ ಕೂಲಿ ಸಿಗಲೇಬೇಕು. ಸೋಮಾದಂಥ ಕೇಂದ್ರಗಳೂ ಅದಕ್ಕೆ ಎದುರಾಡಿದವಲ್ಲ. ಅವರ ತಗಾದೆ ಅಳತೆಯ ಬಗ್ಗೆ.

ಅಳತೆ ಬೇರೆಯಾಗಬಹುದು ಎಂಬುದಕ್ಕೆ ಉದಾಹರಣೆ ಅದೇ ದೇಶದಲ್ಲಿ, ಅದೇ ಮಂಡಳಿಯ ಆದೇಶದಲ್ಲೇ ಇದೆ. ಉಪಗ್ರಹ ರೇಡಿಯೊ ನಡೆಸುವ ಸಿರಿಯಸ್ ಎಕ್ಸ್‌ಎಂ ಕೋಟ್ಯಂತರ ಚಂದಾದಾರರಿರುವ ಕಂಪನಿ. ಅದಕ್ಕೆ ಕಿವಿಯೆಣಿಕೆ ಇಲ್ಲ. 2018ರಿಂದ ಅದು ಉಪಗ್ರಹ ಸೇವೆಯ ಆದಾಯದ ಶೇ 15.5ನ್ನು ಕಟ್ಟುತ್ತದೆ. ಉಪಗ್ರಹದ ಕೇಳುಗರನ್ನು ಒಬ್ಬೊಬ್ಬರಾಗಿ ಎಣಿಸುವುದು ಕಷ್ಟ, ಅಂತರ್ಜಾಲದಲ್ಲಿ ಸುಲಭ ಎಂಬುದು ನಿಜ. ಎಣಿಸಲು ಬರುತ್ತದೆ ಎಂಬ ಕಾರಣಕ್ಕೆ ಕಸುಬು ಮುಳುಗುವವರೆಗೆ ಎಣಿಸಬೇಕೆಂದಿಲ್ಲ. ಒಂದು ಮಿತಿಯವರೆಗೆ ಆದಾಯದ ಪಾಲು, ಅದನ್ನು ದಾಟಿ ಬೆಳೆದವರಿಗೆ ಪ್ರದರ್ಶನದ ಲೆಕ್ಕ ಎಂಬ ಏರ್ಪಾಡು 2009ರಿಂದ 2015ರವರೆಗೆ ನಡೆದು ತೋರಿಸಿದೆ. ಅದನ್ನು ಕಾಯಿದೆಯಲ್ಲೇ ಖಾಯಂ ಮಾಡುವುದು ಕಷ್ಟದ ಕೆಲಸವಲ್ಲ.

ದರದಷ್ಟೇ ಬಿಗಿಯಾದವು ಷರತ್ತುಗಳು. ಮೂರು ಗಂಟೆಯಲ್ಲಿ ಒಂದೇ ಆಲ್ಬಂನ ಮೂರಕ್ಕಿಂತ ಹೆಚ್ಚು ಹಾಡು, ಒಬ್ಬನೇ ಕಲಾವಿದನ ನಾಲ್ಕಕ್ಕಿಂತ ಹೆಚ್ಚು ಹಾಡು ಹಾಕುವಂತಿಲ್ಲ. ಯಾವ ಹಾಡು ಯಾವಾಗ ಬರುತ್ತದೆಂದು ಮೊದಲೇ ಪಟ್ಟಿ ಪ್ರಕಟಿಸುವಂತಿಲ್ಲ. ಕೇಳುಗರು ಕದ್ದು ಮುದ್ರಿಸಿಕೊಳ್ಳಬಾರದು ಎಂಬುದು ಉದ್ದೇಶ. ಈಗ ಅಮೆರಿಕದಲ್ಲಿರುವ ಕನ್ನಡಿಗರೊಬ್ಬರು ಈ ಪರವಾನಗಿಯಡಿ ಕನ್ನಡ ಅಂತರ್ಜಾಲ ರೇಡಿಯೊ ನಡೆಸುತ್ತಿದ್ದಾರೆ ಎಂದುಕೊಳ್ಳಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ ತೀರಿಕೊಂಡ ಸೆಪ್ಟೆಂಬರ್ 25ರಂದು ದಿನವಿಡೀ ಅವರ ಹಾಡುಗಳನ್ನೇ ಕೇಳಿಸಬೇಕೆಂಬ ಆಸೆ ಅವರಿಗೆ ಬಂದರೆ, ಹಕ್ಕುದಾರರ ಪ್ರತ್ಯೇಕ ಒಪ್ಪಿಗೆ ಇಲ್ಲದೆ ಅದು ಆಗದು. ಮೂರು ಗಂಟೆಗೆ ನಾಲ್ಕು ಹಾಡು, ಅಷ್ಟೇ.

ಹಾಗಿದ್ದೂ ಅವರಿಗೊಂದು ಅನುಕೂಲವಿದೆ. ಆ ಪರವಾನಗಿ ವಿದೇಶಿ ಧ್ವನಿಮುದ್ರಣಗಳಿಗೂ ಅನ್ವಯ. ಅಮೆರಿಕದ ಕೇಳುಗರಿಗೆ ಕನ್ನಡದ ಹಾಡು ಕೇಳಿಸಲು ಅವರು ಬೆಂಗಳೂರಿನ ಒಂದೊಂದು ಕಂಪನಿಯನ್ನೂ ಹುಡುಕಿಕೊಂಡು ಬರಬೇಕಾಗಿಲ್ಲ. ದರ ದುಬಾರಿ, ಆದರೆ ಬಾಗಿಲು ಒಂದೇ. ಕನ್ನಡದ ಗಾಯಕರೂ ಸೌಂಡ್‌ಎಕ್ಸ್‌ಚೇಂಜ್‌ನಲ್ಲಿ ಹೆಸರು ನೋಂದಾಯಿಸಿಕೊಂಡಿರುವುದು ಒಳ್ಳೆಯದು. ಮೂರು ವರ್ಷ ಯಾರೂ ಕೇಳದ ಹಣವನ್ನು ಆ ಸಂಸ್ಥೆ ತನ್ನ ಖರ್ಚಿಗೆ ಹಾಕಿಕೊಳ್ಳಲು ಕಾಯಿದೆ ಅವಕಾಶ ಕೊಟ್ಟಿದೆ.

ಇನ್ನು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಅದೇ ಕೆಲಸ ಮಾಡಹೊರಟವರ ಪಾಡು. ಭಾರತದಲ್ಲಿ ಎಫ್‌ಎಂ ಕೇಂದ್ರಗಳು ಗಂಟೆಯ ಲೆಕ್ಕದ ದುಬಾರಿ ಶುಲ್ಕದ ವಿರುದ್ಧ ಹೋರಾಡಿದಾಗ ಹಕ್ಕುಸ್ವಾಮ್ಯ ಮಂಡಳಿ 2010ರ ಆಗಸ್ಟ್‌ನಲ್ಲಿ ನಿವ್ವಳ ಜಾಹೀರಾತು ಆದಾಯದ ಶೇ 2 ಎಂದು ಗೊತ್ತುಮಾಡಿತ್ತು. ಆ ದರ ಆಮೇಲೆ ಬದಲಾದರೂ, ದುಡಿಮೆಯ ಪಾಲು ಎಂಬ ತತ್ವ ಇಲ್ಲಿ ಹೊಸದಲ್ಲ ಎಂಬುದಕ್ಕೆ ಅದು ಸಾಕ್ಷಿ. 2012ರ ತಿದ್ದುಪಡಿ ಗೀತರಚನೆಕಾರರು, ಸಂಗೀತ ಸಂಯೋಜಕರ ರಾಯಲ್ಟಿ ಹಕ್ಕನ್ನು ಗಟ್ಟಿಮಾಡಿತು, ಪ್ರಸಾರಕರಿಗಾಗಿ 31ಡಿ ಕಲಮನ್ನೂ ಸೇರಿಸಿತು. ನೋಟಿಸು ಕೊಟ್ಟು, ನಿಗದಿಯಾದ ದರ ಕಟ್ಟಿ ಯಾರ ಹಾಡನ್ನಾದರೂ ಪ್ರಸಾರ ಮಾಡಬಹುದಾದ ಕಲಮು ಅದು. ಅಂತರ್ಜಾಲಕ್ಕೂ ಇದು ಅನ್ವಯವೆಂದು ಕೇಂದ್ರ ಸರ್ಕಾರದ ಇಲಾಖೆಯೊಂದು 2016ರಲ್ಲಿ ಜ್ಞಾಪನಪತ್ರ ಹೊರಡಿಸಿತ್ತು. ಸಂಗೀತ ಕಂಪನಿ ಟಿಪ್ಸ್ ಮತ್ತು ಅಂತರ್ಜಾಲದಲ್ಲಿ ಹಾಡು ಕೇಳಿಸುತ್ತಿದ್ದ ವಿಂಕ್ ಮ್ಯೂಸಿಕ್ ನಡುವಿನ ಮೊಕದ್ದಮೆಯಲ್ಲಿ ಬಾಂಬೆ ಹೈಕೋರ್ಟ್ 2019ರ ಏಪ್ರಿಲ್‌ನಲ್ಲಿ ಅದನ್ನು ಒಪ್ಪಲಿಲ್ಲ. ಕಲಮಿನಲ್ಲಿರುವುದು ರೇಡಿಯೊ ಮತ್ತು ದೂರದರ್ಶನ ಪ್ರಸಾರ, ಅಂತರ್ಜಾಲ ಅದರಲ್ಲಿಲ್ಲ ಎಂದಿತು. 2022ರಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು.

ಆ ಮೊಕದ್ದಮೆಯ ಎರಡು ಕಡೆಯವರೂ ದೊಡ್ಡವರು. ವಿಂಕ್‌ನ ಹಿಂದೆ ಏರ್‌ಟೆಲ್ ಇತ್ತು. ಕಂಪನಿಗಳ ಜೊತೆ ಮೇಜಿನೆದುರು ಕೂತು ಚೌಕಾಸಿ ಮಾಡುವ ಶಕ್ತಿ ಅಂಥವರಿಗಿದೆ. ತೀರ್ಪಿನ ಭಾರ ಬಿದ್ದದ್ದು ನ್ಯಾಯಾಲಯದಲ್ಲಿ ಇಲ್ಲದವರ ಮೇಲೂ. ಹಳೆಯ ಕನ್ನಡ ಚಿತ್ರಗೀತೆಗಳ ಪುಟ್ಟ ಅಂತರ್ಜಾಲ ಕೇಂದ್ರ ತೆರೆಯಬೇಕೆಂದರೆ ಸರಿಗಮ, ಲಹರಿ, ಆನಂದ್ ಆಡಿಯೊ ಹೀಗೆ ಒಂದೊಂದು ಕಂಪನಿಯ ಒಪ್ಪಿಗೆ ಬೇಕು. ಅವು ಕೇಳಿದ್ದೇ ಬೆಲೆ, ಒಪ್ಪದಿದ್ದರೆ ಮಾತು ಮುಗಿಯಿತು. ಸಾಹಿತ್ಯ, ಸಂಗೀತದ ಹಕ್ಕಿಗೆ ಐಪಿಆರ್‌ಎಸ್ ಎಂಬ ಸಂಸ್ಥೆಯ ಪರವಾನಗಿ ಬೇರೆ. ನೂರು ಕೇಳುಗರ ಕೇಂದ್ರಕ್ಕಾಗಿ ಯಾವ ಕಂಪನಿಯ ಕಾನೂನು ವಿಭಾಗವೂ ಬೇಗನೆ ಕಡತ ತೆರೆಯುವುದಿಲ್ಲ. 31ಡಿ ಕಲಮನ್ನು ಅಂತರ್ಜಾಲ ಪ್ರಸಾರಕ್ಕೂ ವಿಸ್ತರಿಸಬೇಕೆಂದು ಸಂಸದೀಯ ಸ್ಥಾಯಿ ಸಮಿತಿ 2021ರ ಜುಲೈನಲ್ಲಿ ಸಂಸತ್ತಿಗೆ ಒಪ್ಪಿಸಿದ ತನ್ನ 161ನೇ ವರದಿಯಲ್ಲಿ ಶಿಫಾರಸು ಮಾಡಿದೆ. ಕಾಯಿದೆಯ ಪುಸ್ತಕದಲ್ಲಿ ಆ ಕಲಮು 2012ರಲ್ಲಿ ಬರೆದ ಹಾಗೆಯೇ ಇದೆ.